ಗ್ಯಾಮ್‌ಸ್ಟಾಪ್: ಬ್ರಿಟನ್ನಿನ ಬೆಟ್ಟಿಂಗ್ ಆ್ಯಪ್‌ಗಳಿಗೆ ನಾನು ಹಾಕಿದ ಬೀಗ

ದೀಪಾವಳಿ ಊಟಕ್ಕೆ ಸೇರಿದಾಗ, ಹೊಸದಾಗಿ ಓದಲು ಬಂದ ಹುಡುಗನೊಬ್ಬ ತಟ್ಟೆ ಹಿಡಿದುಕೊಂಡೇ ನನ್ನ ಪಕ್ಕ ಬಂದು ಕೂತ. "ಅಣ್ಣಾ, ಇಲ್ಲಿ ಬೆಟ್ ಕಟ್ಟೋದು ಲೀಗಲ್ ಅಂತಲ್ಲ, ಯಾವ ಆ್ಯಪ್ ಚೆನ್ನಾಗಿದೆ?" ಅಂತ ಕೇಳಿದ. ಅಲ್ಲೇ ಎರಡು ಮಾತಲ್ಲಿ ಉತ್ತರ ಹೇಳಿದೆ, ಆದರೆ ಅಷ್ಟು ಸಾಲದು ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು 2019ರಲ್ಲಿ ಕೆಲಸಕ್ಕೆಂದು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದವನು. ಮೂರು ವರ್ಷದಲ್ಲಿ ಇಲ್ಲಿನ ನಾಲ್ಕು ಕಾನೂನುಬದ್ಧ ಬೆಟ್ಟಿಂಗ್ ಆ್ಯಪ್ ಬಳಸಿದೆ. ಆಮೇಲೆ ಗ್ಯಾಮ್‌ಸ್ಟಾಪ್ ಅನ್ನುವ ಉಚಿತ ಸೇವೆಗೆ ಹೆಸರು ಕೊಟ್ಟೆ, ಇವತ್ತಿಗೂ ಅದರಲ್ಲೇ ಇದ್ದೇನೆ. ಈ ಐದರಲ್ಲಿ ಯಾರಿಗಾದರೂ ಧೈರ್ಯವಾಗಿ ಬಳಸಿ ಅಂತ ಹೇಳುವುದಾದರೆ ಕೊನೆಯದನ್ನು ಮಾತ್ರ.

ಗ್ಯಾಮ್‌ಸ್ಟಾಪ್ ಅಂದರೆ ಒಂದು ಬೀಗ. ನಮ್ಮ ಹೆಸರು, ಹುಟ್ಟಿದ ದಿನ, ವಿಳಾಸ, ಇಮೇಲ್, ಮೊಬೈಲ್ ನಂಬರ್ ಕೊಟ್ಟು "ನನ್ನನ್ನು ಒಳಗೆ ಬಿಡಬೇಡಿ" ಅಂತ ಒಂದು ಸಲ ಹೇಳಿದರೆ ಸಾಕು. ಬ್ರಿಟನ್ನಿನಲ್ಲಿ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಬೆಟ್ಟಿಂಗ್ ಕಂಪನಿಗಳೂ ನಮ್ಮ ಖಾತೆ ಮುಚ್ಚಬೇಕು, ಹೊಸದು ತೆರೆಯಲು ಬಿಡಬಾರದು. ಒಂದೊಂದೇ ಕಂಪನಿಗೆ ಹೋಗಿ ಬೇಡಿಕೊಳ್ಳುವ ಕೆಲಸವಿಲ್ಲ. 2018ರಲ್ಲಿ ಶುರುವಾಯಿತು, ಆಗ ಸೇರುವುದು ಬಿಡುವುದು ಕಂಪನಿಗಳ ಇಷ್ಟವಾಗಿತ್ತು. 2020ರ ಮಾರ್ಚ್ 31ರಿಂದ ಎಲ್ಲರಿಗೂ ಕಡ್ಡಾಯ. ಸೇರದ ಕಂಪನಿಗೆ ಇಲ್ಲಿ ಆನ್‌ಲೈನ್ ವ್ಯಾಪಾರವಿಲ್ಲ.

ಬೀಗದ ಬಗ್ಗೆ ಹೇಳುವ ಮೊದಲು ಮನೆ ಹೇಗಿದೆ ಅಂತ ಹೇಳಬೇಕು, ಅಲ್ವಾ?

ಊರಿನಿಂದ ಬಂದ ನಮಗೆ ಇಲ್ಲಿನ ಬೆಟ್ಟಿಂಗ್ ಅಂಗಡಿ ಮೊದಲ ಸಲ ನೋಡಿದಾಗ ನಂಬಲು ಕಷ್ಟ. ನಮ್ಮಲ್ಲಿ ಓಸಿ, ಮಟ್ಕಾ ಬರೆಯುವವನು ಬೀಡಾ ಅಂಗಡಿ ಹಿಂದೆ ಚೀಟಿ ಮಡಚಿಕೊಂಡು ನಿಂತಿರುತ್ತಾನೆ. ಇಲ್ಲಿ ಬೇಕರಿ ಪಕ್ಕದಲ್ಲಿ, ಔಷಧಿ ಅಂಗಡಿ ಎದುರಿಗೆ, ದೊಡ್ಡ ಬೋರ್ಡ್ ಹಾಕಿಕೊಂಡು, ಬಾಗಿಲು ತೆರೆದುಕೊಂಡು ಕೂತಿರುತ್ತಾರೆ. ಇದು 1961ರ ಮೇ 1ರಿಂದ ನಡೆದುಬಂದದ್ದು. ಅದಕ್ಕೂ ಮೊದಲು ಇಲ್ಲೂ ಬೀದಿ ಬದಿಯ ಬುಕ್ಕಿಗಳೇ ಇದ್ದರು. ಕ್ರಿಕೆಟ್ ನೋಡುವವರಿಗೆ 1981ರ ಹೆಡಿಂಗ್ಲಿ ಟೆಸ್ಟ್ ಗೊತ್ತಿರುತ್ತೆ. ಇಂಗ್ಲೆಂಡ್ ಫಾಲೋ ಆನ್ ಆಗಿ, ಬೋಥಮ್ 149 ಹೊಡೆದು, ಬಾಬ್ ವಿಲ್ಲಿಸ್ 8 ವಿಕೆಟ್ ತೆಗೆದು, 18 ರನ್ನಿನಿಂದ ಗೆದ್ದ ಪಂದ್ಯ. ಮಧ್ಯದಲ್ಲಿ ಲ್ಯಾಡ್‌ಬ್ರೋಕ್ಸ್ ಅನ್ನುವ ಬೆಟ್ಟಿಂಗ್ ಕಂಪನಿ ಇಂಗ್ಲೆಂಡ್ ಗೆಲುವಿಗೆ ಒಂದಕ್ಕೆ 500 ಕೊಡುತ್ತೇವೆ ಅಂದಿತ್ತು. ಆಸ್ಟ್ರೇಲಿಯಾದ ಲಿಲ್ಲಿ ಮತ್ತು ಮಾರ್ಷ್ ತಮ್ಮದೇ ತಂಡ ಸೋಲುತ್ತದೆ ಅಂತ ಪುಡಿಗಾಸು ಕಟ್ಟಿ 7,500 ಪೌಂಡ್ ಪಡೆದರು. ಇವತ್ತು ಆಟಗಾರರು ಹಾಗೆ ಮಾಡಿದರೆ ನಿಷೇಧ ಖಂಡಿತ. ಆದರೆ ಬೆಟ್ ಕಟ್ಟುವುದು ಈ ಜನರಿಗೆ ಎಷ್ಟು ಮಾಮೂಲು ಅನ್ನುವುದು ಆ ಕಥೆಯಿಂದ ನನಗೆ ಅರ್ಥವಾಗಿದ್ದು. ಲೆಸ್ಟರ್‌ನಲ್ಲಂತೂ 5000ಕ್ಕೆ 1ರ ಕಥೆ ಕೇಳದೆ ಒಂದು ವಾರ ಕಳೆಯಲ್ಲ. 2015-16ರ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಶುರುವಾಗುವಾಗ ನಮ್ಮೂರ ಲೆಸ್ಟರ್ ಸಿಟಿ ತಂಡದ ಗೆಲುವಿಗೆ ಇದ್ದ ದರ ಅದು, ಒಂದು ಪೌಂಡ್ ಕಟ್ಟಿದರೆ 5000 ಲಾಭ, ಮತ್ತು ಅವರು ಗೆದ್ದೇಬಿಟ್ಟರು. ನನ್ನ ಆಫೀಸಿನಲ್ಲಿ ಆ ಕಥೆ ಹೇಳದವರೇ ಇಲ್ಲ. ಆ ಬೆಟ್ ಕಟ್ಟಿದ್ದೆ ಅನ್ನುವವರು ಮಾತ್ರ ಒಬ್ಬರೂ ಸಿಕ್ಕಿಲ್ಲ.

ಈಗಿನ ಮೂಲ ಕಾನೂನು 2005ರ ಗ್ಯಾಂಬ್ಲಿಂಗ್ ಆ್ಯಕ್ಟ್. ನೋಡಿಕೊಳ್ಳುವುದು ಗ್ಯಾಂಬ್ಲಿಂಗ್ ಕಮಿಷನ್, ಅದರ ಕಚೇರಿ ಬರ್ಮಿಂಗ್‌ಹ್ಯಾಮ್‌ನಲ್ಲಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ಇದು. ಉತ್ತರ ಐರ್ಲೆಂಡಿನ ಕಾನೂನು ಬೇರೆ. 2014ರಲ್ಲಿ ಒಂದು ಮುಖ್ಯ ತಿದ್ದುಪಡಿ ಬಂತು. ಕಂಪನಿ ಜಿಬ್ರಾಲ್ಟರ್‌ನಲ್ಲಿರಲಿ, ಮಾಲ್ಟಾದಲ್ಲಿರಲಿ, ಬ್ರಿಟನ್ನಿನ ಗಿರಾಕಿಯಿಂದ ಬೆಟ್ ತೆಗೆದುಕೊಳ್ಳುವುದಾದರೆ ಬ್ರಿಟನ್ನಿನ ಲೈಸೆನ್ಸ್ ಬೇಕೇ ಬೇಕು. ಹಾಗಾಗಿ ವೆಬ್‌ಸೈಟಿನ ಕಟ್ಟಕಡೆಗೆ ಹೋದರೆ ಲೈಸೆನ್ಸ್ ನಂಬರ್ ಇರುತ್ತದೆ, ಅದನ್ನು ಒತ್ತಿದರೆ ಕಮಿಷನ್ನಿನ ಪಟ್ಟಿಯಲ್ಲಿ ಆ ಕಂಪನಿಯ ಹೆಸರು ಕಾಣಬೇಕು. ಕಾಣದಿದ್ದರೆ ಅಲ್ಲಿಂದ ಎದ್ದು ಬನ್ನಿ. ಬೆಟ್ ಕಟ್ಟುವ ವಿಚಾರದಲ್ಲಿ ನಾನು ಕೊಡುವ ಒಂದೇ ತಾಂತ್ರಿಕ ಸಲಹೆ ಇದು.

ನಿಯಮಗಳು ಸುಮಾರಿವೆ, ವರ್ಷ ವರ್ಷ ಬಿಗಿಯಾಗುತ್ತಿವೆ. 18 ತುಂಬಿರಬೇಕು, ದುಡ್ಡು ಹಾಕುವ ಮೊದಲೇ ಗುರುತು ಪರೀಕ್ಷೆ ಆಗಬೇಕು. 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡ್ ನಡೆಯಲ್ಲ, ಅಂದರೆ ಸಾಲದ ದುಡ್ಡಲ್ಲಿ ನೇರವಾಗಿ ಆಡುವಂತಿಲ್ಲ. 30 ದಿನದಲ್ಲಿ, ವಾಪಸ್ ತೆಗೆದದ್ದು ಕಳೆದು, 150 ಪೌಂಡ್‌ಗಿಂತ ಜಾಸ್ತಿ ದುಡ್ಡು ಹಾಕಿದರೆ, ನಾವು ದಿವಾಳಿ ಆಗಿದ್ದೇವಾ, ಸಾಲ ಕಟ್ಟದೆ ಕೋರ್ಟಿಗೆ ಹೋಗಿದ್ದೇವಾ ಅಂತ ಕಂಪನಿ ನೋಡಲೇಬೇಕು. ಇದು 2025ರ ಫೆಬ್ರವರಿ ಕೊನೆಯಿಂದ. ಅದೇ ವರ್ಷ ಆನ್‌ಲೈನ್ ಸ್ಲಾಟ್ ಆಟಕ್ಕೆ, ಅಂದರೆ ಗುಂಡಿ ಒತ್ತಿದರೆ ಚಿತ್ರಗಳು ತಿರುಗುವ ಜೂಜಿಗೆ, ಒಂದು ಸಲ ತಿರುಗಿಸಲು 5 ಪೌಂಡ್ ಮಿತಿ ಬಂತು, 18ರಿಂದ 24 ವಯಸ್ಸಿನವರಿಗೆ 2 ಪೌಂಡ್. ಗೆದ್ದ ದುಡ್ಡಿಗೆ ನಾವು ತೆರಿಗೆ ಕಟ್ಟುವ ಹಾಗಿಲ್ಲ. 2001ರಲ್ಲಿ ಗಿರಾಕಿಯ ಮೇಲಿದ್ದ ತೆರಿಗೆ ತೆಗೆದು ಕಂಪನಿಯ ಲಾಭದ ಮೇಲೆ ಹಾಕಿದರು. ಈ "ಟ್ಯಾಕ್ಸ್ ಫ್ರೀ" ಅನ್ನುವ ಮಾತು ನಮ್ಮ ಹುಡುಗರ ತಲೆಗೆ ಬೇಗ ಹತ್ತುತ್ತದೆ. ನನಗೂ ಹತ್ತಿತ್ತು.

ಈಗ ಆ್ಯಪ್‌ಗಳು. ಹೆಸರು ಬೇಡ, ನಾಲ್ಕೂ ಹೆಚ್ಚು ಕಡಿಮೆ ಒಂದೇ. ಒಪ್ಪಿಕೊಳ್ಳಬೇಕಾದದ್ದು ಒಪ್ಪಿಕೊಳ್ಳುತ್ತೇನೆ: ಗೆದ್ದ ದುಡ್ಡು ಯಾವತ್ತೂ ಬರದೇ ಇರಲಿಲ್ಲ. ಒಂದು ಸಲ 212 ಪೌಂಡ್ ತೆಗೆದಾಗ ಚಹಾ ಕುಡಿದು ಮುಗಿಸುವಷ್ಟರಲ್ಲಿ ಬ್ಯಾಂಕಿಗೆ ಬಂದಿತ್ತು. ಊರಿನ ಬುಕ್ಕಿ ಫೋನ್ ಆಫ್ ಮಾಡಿ ಮಾಯವಾಗುವುದನ್ನು ನೋಡಿದವನಿಗೆ ಇದು ದೊಡ್ಡ ವಿಷಯ. ಆ ನಂಬಿಕೆಯೇ ನನ್ನನ್ನು ಒಳಗೆ ಎಳೆದದ್ದು. ಸರ್ಕಾರ ಲೈಸೆನ್ಸ್ ಕೊಟ್ಟಿದೆ, ದುಡ್ಡು ಸರಿಯಾಗಿ ಕೊಡುತ್ತಾರೆ, ಮತ್ತೇನು ಭಯ ಅಂದುಕೊಂಡೆ. ಲೈಸೆನ್ಸ್ ಇರುವುದು ಲೆಕ್ಕ ಸರಿಯಾಗಿ ಕೊಡುತ್ತಾರೆ ಅನ್ನುವುದಕ್ಕೆ ಮಾತ್ರ. ಆ ಲೆಕ್ಕ ಯಾರ ಕಡೆ ವಾಲಿದೆ ಅನ್ನುವುದು ಬೇರೆ ವಿಷಯ.

ಅದನ್ನು ಒಂದು ಸಲ ಪೆನ್ನು ಹಿಡಿದು ಕೂತು ನೋಡಬೇಕು. ಎರಡು ತಂಡ ಸರಿಸಮ ಇವೆ ಅಂದುಕೊಳ್ಳಿ. ಎರಡಕ್ಕೂ 10/11 ಅಂತ ದರ ಇರುತ್ತದೆ. ಅಂದರೆ 110 ಪೌಂಡ್ ಕಟ್ಟಿದರೆ 100 ಲಾಭ. ನಾನು ಒಂದು ತಂಡಕ್ಕೆ 110 ಕಟ್ಟಿದೆ, ನೀವು ಇನ್ನೊಂದಕ್ಕೆ 110 ಕಟ್ಟಿದಿರಿ. ಕಂಪನಿಯ ಕೈಯಲ್ಲಿ 220. ಯಾರೇ ಗೆಲ್ಲಲಿ, ಅದು ಕೊಡುವುದು 210. ಹತ್ತು ಪೌಂಡ್ ಅದರ ಜೇಬಿಗೆ, ಪಂದ್ಯ ಏನಾದರೂ ಆಗಲಿ. ನೂರಕ್ಕೆ ನಾಲ್ಕೂವರೆ. ಕಡಿಮೆ ಅನಿಸುತ್ತದೆ. ಆದರೆ ಆ್ಯಪ್ ನಮ್ಮನ್ನು ತಳ್ಳುವುದು ಒಂಟಿ ಬೆಟ್ ಕಡೆಗಲ್ಲ, ಐದು ಪಂದ್ಯ ಪೋಣಿಸಿ ಕಟ್ಟುವ ಅಕ್ಯುಮುಲೇಟರ್ ಕಡೆಗೆ. ಐದೂ ಹೊಡೆದರೆ 5 ಪೌಂಡಿಗೆ 127 ಅಂತ ದಪ್ಪಕ್ಷರದಲ್ಲಿ ತೋರಿಸುತ್ತದೆ. ಆ ಪ್ರತಿ ಕೊಂಡಿಯಲ್ಲೂ ನಾಲ್ಕೂವರೆ ಕಳೆಯುತ್ತಾ ಹೋಗುತ್ತದೆ. ಸರಾಸರಿ ಲೆಕ್ಕ ಹಾಕಿದರೆ ಕಟ್ಟಿದ 100 ಪೌಂಡಿಗೆ ವಾಪಸ್ ಬರುವುದು ಸುಮಾರು 79. ಇದು ಮೋಸವಲ್ಲ. ದರ ಎದುರಿಗೇ ಇರುತ್ತದೆ, ಕಾನೂನಿಗೆ ಒಪ್ಪುವ ವ್ಯಾಪಾರ. ನಾನು ಲೆಕ್ಕ ಹಾಕಿ ನೋಡಿರಲಿಲ್ಲ ಅಷ್ಟೆ, ಮತ್ತು ಲೆಕ್ಕ ಹಾಕಲು ಪುರುಸೊತ್ತು ಕೊಡದ ಹಾಗೆ ಆ್ಯಪ್ ಮಾಡಿರುತ್ತಾರೆ.

"ಫ್ರೀ ಬೆಟ್" ಅನ್ನುವುದನ್ನೂ ಹೇಳಿಬಿಡುತ್ತೇನೆ. 10 ಪೌಂಡ್ ಸ್ವಂತ ದುಡ್ಡನ್ನು ಒಂದಕ್ಕೆ ಒಂದು ದರದಲ್ಲಿ ಕಟ್ಟಿ ಗೆದ್ದರೆ 20 ಕೈಗೆ ಬರುತ್ತದೆ. 10 ಪೌಂಡ್ ಫ್ರೀ ಬೆಟ್ ಕಟ್ಟಿ ಗೆದ್ದರೆ 10 ಮಾತ್ರ. ಮೂಲದ 10 ಕೊಡುವುದಿಲ್ಲ. ಅಂಥ ಮೆಸೇಜು ನನಗೆ ಬರುತ್ತಿದ್ದದ್ದು ಶುಕ್ರವಾರ ಸಂಜೆ, ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತ ಹೊತ್ತಿಗೆ. ಎರಡು ವಾರ ಆಡದೆ ಇದ್ದರೆ ತಪ್ಪದೆ ಬರುತ್ತಿತ್ತು. ಇನ್ನು ಸತತ ಗೆಲ್ಲುವ ಜಾಣರ ಕಥೆ ಬೇರೆಯೇ. ಅಂಥವರ ಖಾತೆಗೆ ಕಂಪನಿಗಳು ಮಿತಿ ಹಾಕುತ್ತವೆ, ಕೆಲವೊಮ್ಮೆ ಒಂದೆರಡು ಪೌಂಡ್‌ಗಿಂತ ಜಾಸ್ತಿ ಕಟ್ಟಲು ಬಿಡುವುದಿಲ್ಲ. ಅದಕ್ಕೂ ಇಲ್ಲಿ ಕಾನೂನಿನ ಅಡ್ಡಿಯಿಲ್ಲ. ಸೋಲುವವನಿಗೆ ಬಾಗಿಲು ಅಗಲ, ಗೆಲ್ಲುವವನಿಗೆ ಸಂದಿ.

ನನ್ನ ಕಥೆ ಒಂದು ಬೆಳಗ್ಗೆಯದು. 2022ರ ನವೆಂಬರ್ 10, ಗುರುವಾರ. ಅಡಿಲೇಡ್‌ನಲ್ಲಿ ಟಿ20 ವಿಶ್ವಕಪ್ ಸೆಮಿಫೈನಲ್, ಭಾರತ ಮತ್ತು ಇಂಗ್ಲೆಂಡ್. ಇಲ್ಲಿ ಬೆಳಗ್ಗೆ ಎಂಟಕ್ಕೆ ಶುರು. ಮನೆಯಿಂದಲೇ ಕೆಲಸ ಮಾಡುವ ದಿನ, ಲ್ಯಾಪ್‌ಟಾಪ್ ಒಂದು ಕಡೆ, ಫೋನ್ ಒಂದು ಕಡೆ. ನಾವು 168 ಹೊಡೆದೆವು. ಸಾಲದು ಅನಿಸಿದರೂ ಒಂದೆರಡು ವಿಕೆಟ್ ಬೇಗ ಬಿದ್ದರೆ ಆಟ ತಿರುಗುತ್ತದೆ ಅಂತ ಆಸೆ. ಆ್ಯಪ್‌ನಲ್ಲಿ ಪ್ರತಿ ಓವರಿಗೂ ಬೆಟ್ ಇತ್ತು. ಈ ಓವರಲ್ಲಿ ವಿಕೆಟ್ ಬೀಳುತ್ತಾ, ಇಲ್ವಾ. ಮೊದಲ ಓವರಿಗೆ 10 ಪೌಂಡ್ ಕಟ್ಟಿದೆ. ಬೀಳಲಿಲ್ಲ. ಎರಡನೇ ಓವರಿಗೆ 20. ಹೋದದ್ದನ್ನು ಹಿಂದೆ ತರಬೇಕಲ್ಲ. ಆರನೇ ಓವರ್ ಮುಗಿಯುವಷ್ಟರಲ್ಲಿ ಖಾತೆ ಖಾಲಿ. ದುಡ್ಡು ಹಾಕಲು ಹೆಬ್ಬೆರಳು ಇಟ್ಟರೆ ಸಾಕಿತ್ತು, ಕಾರ್ಡ್ ನಂಬರ್ ಸಹ ಬೇಡ. ಹೆಬ್ಬೆರಳು ಇಟ್ಟೆ. ಮತ್ತೆ ಇಟ್ಟೆ. ಆ ಪಂದ್ಯ ನೋಡಿದವರಿಗೆ ನೆನಪಿರುತ್ತೆ, ಬಟ್ಲರ್ ಮತ್ತು ಹೇಲ್ಸ್ ಇಬ್ಬರೇ 16 ಓವರಲ್ಲಿ ಮುಗಿಸಿದರು. ಒಂದೇ ಒಂದು ವಿಕೆಟ್ ಬೀಳಲಿಲ್ಲ. ಹತ್ತು ವಿಕೆಟ್ ಸೋಲು. ನನ್ನ ಬೆಟ್ಟೂ ಒಂದೇ ಒಂದು ಹೊಡೆಯಲಿಲ್ಲ. 640 ಪೌಂಡ್. ಅವತ್ತು ಒಬ್ಬನಿಗೇ ಇದ್ದ ನನ್ನ ರೂಮಿನ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ.

ಆ ಮೂರು ವರ್ಷದಲ್ಲಿ ಅದಕ್ಕಿಂತ ಜಾಸ್ತಿಯೇ ಕಳೆದಿದ್ದೆ, ಆದರೆ ಚೂರು ಚೂರಾಗಿ. ಅವತ್ತು ಮಾತ್ರ ಬೆವರು ಬಂತು. ಮಧ್ಯಾಹ್ನದ ಮೀಟಿಂಗ್‌ನಲ್ಲಿ ಯಾರು ಏನು ಮಾತಾಡಿದರು ಅಂತ ಒಂದಕ್ಷರ ನೆನಪಿಲ್ಲ. ರಾತ್ರಿ ಅಮ್ಮ ವಿಡಿಯೋ ಕಾಲ್ ಮಾಡಿ "ಯಾಕೋ ಮುಖ ಸಪ್ಪಗಿದೆ, ಊಟ ಆಯ್ತಾ?" ಅಂದಾಗ ನಮ್ಮವರು ಸೋತರಲ್ಲ ಅಂದೆ. ಆ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕರೆ ಮುಗಿದ ಮೇಲೆ ಅಡುಗೆಮನೆ ಮೇಜಿನ ಮುಂದೆ ಕೂತು ಗ್ಯಾಮ್‌ಸ್ಟಾಪ್ ತೆರೆದೆ. ಅದರ ಹೆಸರು ಮೂರು ವರ್ಷದಿಂದ ಪ್ರತಿ ಆ್ಯಪ್‌ನ ಕೊನೆಯಲ್ಲೂ ಚಿಕ್ಕಕ್ಷರದಲ್ಲಿ ಕಾಣುತ್ತಿತ್ತು. ಅವತ್ತೇ ಓದಿದ್ದು.

ಫಾರ್ಮ್ ತುಂಬಲು ಹತ್ತು ನಿಮಿಷ ಆಯಿತು. ದುಡ್ಡಿಲ್ಲ, ವೈದ್ಯರ ಚೀಟಿ ಬೇಡ, ಯಾಕೆ ಅಂತ ಯಾರೂ ಕೇಳುವುದಿಲ್ಲ. ನಾಚಿಕೆಯಲ್ಲಿ ಮುದುಡಿದ್ದ ನನಗೆ ಆ ಕೊನೆಯದು ತುಂಬ ದೊಡ್ಡದು. ಆಗ ಇದ್ದ ಅವಧಿ ಮೂರು: ಆರು ತಿಂಗಳು, ಒಂದು ವರ್ಷ, ಐದು ವರ್ಷ. ನಾನು ಒಂದು ವರ್ಷ ಆರಿಸಿದೆ. ಒಮ್ಮೆ ಒತ್ತಿದರೆ ಆ ಅವಧಿ ಮುಗಿಯುವವರೆಗೆ ರದ್ದು ಮಾಡಲು ಆಗಲ್ಲ. ಫೋನ್ ಮಾಡಿ ಅತ್ತರೂ ಆಗಲ್ಲ. ಈ ಹಟವೇ ಈ ಸೇವೆಯ ಜೀವ. ಪೂರ್ತಿ ಜಾರಿಗೆ ಬರಲು 24 ಗಂಟೆ ಹಿಡಿಯಬಹುದು ಅಂತ ಬರೆದಿತ್ತು. ಮರುದಿನ ಸಂಜೆ ನಾಲ್ಕೂ ಆ್ಯಪ್ ಒಂದೊಂದಾಗಿ ತೆರೆದು ನೋಡಿದೆ. ನಾಲ್ಕೂ ಹೊರಗೆ ಹಾಕಿದವು. ಒಂದರಲ್ಲಿ ಉಳಿದಿದ್ದ 3 ಪೌಂಡ್ 40 ಪೆನ್ಸ್ ಕೆಲವು ದಿನದಲ್ಲಿ ಬ್ಯಾಂಕಿಗೆ ವಾಪಸ್ ಬಂತು. ಶುಕ್ರವಾರದ ಮೆಸೇಜುಗಳು ನಿಂತವು. ಮೊದಲ ತಿಂಗಳು ಆ ನಿಶ್ಶಬ್ದವೇ ವಿಚಿತ್ರ ಅನಿಸುತ್ತಿತ್ತು.

ಈಗ ತೂತುಗಳು. ಇದು ಬಳಸಿದವರಿಗೆ ಮಾತ್ರ ಗೊತ್ತಾಗುವಂಥದ್ದು, ದಯವಿಟ್ಟು ಗಮನ ಕೊಡಿ. ಈ ಬೀಗ ಕೆಲಸ ಮಾಡುವುದು ನಾವು ಕೊಟ್ಟ ವಿವರ ಹೊಂದಿಸಿ. 2023ರ ಮಾರ್ಚಿನಲ್ಲಿ ನಾನು ಮನೆ ಬದಲಿಸಿದೆ, ಮೊಬೈಲ್ ನಂಬರೂ ಬದಲಾಯಿತು. ಮೇ ತಿಂಗಳಲ್ಲಿ ಐಪಿಎಲ್ ಕಾವಿನಲ್ಲಿ ಒಂದು ರಾತ್ರಿ ಕೈ ತಡೆಯದೆ ಹೊಸ ಕಂಪನಿಯೊಂದರಲ್ಲಿ ಹೊಸ ವಿಳಾಸ, ಹೊಸ ನಂಬರ್, ಆಫೀಸಿಗೆಂದು ಮಾಡಿದ್ದ ಇಮೇಲ್ ಕೊಟ್ಟು ನೋಡಿದೆ. ಖಾತೆ ತೆರೆಯಿತು. ಒಂದು ಕ್ಷಣ ಖುಷಿಯಾಯಿತು, ಮರುಕ್ಷಣ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ನಮ್ಮವರ ಹೆಸರಿನ ತೊಂದರೆ ಬೇರೆ ಇದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತೆ, ಬ್ಯಾಂಕಿನಲ್ಲಿ ಇನಿಶಿಯಲ್ ಇರುತ್ತೆ, ಕೆಲವು ಕಡೆ ಊರಿನ ಹೆಸರೂ ಸೇರಿರುತ್ತೆ. ಹಾಗಾಗಿ ಹೆಸರು ಕೊಡುವಾಗ ಬ್ಯಾಂಕಿನಲ್ಲಿ ಹೇಗಿದೆಯೋ ಹಾಗೇ ಕೊಡಿ. ಹಳೆ ವಿಳಾಸ, ಹೊಸ ವಿಳಾಸ, ಇರುವ ಎಲ್ಲ ಇಮೇಲ್, ಎಲ್ಲ ನಂಬರ್ ಸೇರಿಸಿ, ಮನೆ ಬದಲಿಸಿದ ದಿನವೇ ತಿದ್ದಿ. ತಿದ್ದಲು ಅಲ್ಲೇ ಜಾಗವಿದೆ, ಐದು ನಿಮಿಷದ ಕೆಲಸ.

ಆ ರಾತ್ರಿ ನನ್ನನ್ನು ಉಳಿಸಿದ್ದು ಗ್ಯಾಮ್‌ಸ್ಟಾಪ್ ಅಲ್ಲ, ಬ್ಯಾಂಕು. ಇಲ್ಲಿನ ಬಹುತೇಕ ಬ್ಯಾಂಕ್ ಆ್ಯಪ್‌ಗಳಲ್ಲಿ ಜೂಜಿನ ಪಾವತಿ ತಡೆಯುವ ಒಂದು ಸ್ವಿಚ್ ಇರುತ್ತದೆ. 2018ರಲ್ಲಿ ಮೊನ್ಜೊ, ಸ್ಟಾರ್ಲಿಂಗ್ ಥರದ ಹೊಸ ಬ್ಯಾಂಕುಗಳು ಶುರು ಮಾಡಿದವು, ಆಮೇಲೆ ಹಳೆಯ ದೊಡ್ಡ ಬ್ಯಾಂಕುಗಳೂ ತಂದವು. ಕಾರ್ಡ್ ಪಾವತಿಯಲ್ಲಿ ಪ್ರತಿ ವ್ಯಾಪಾರಕ್ಕೂ ಒಂದು ಸಂಖ್ಯೆ ಇರುತ್ತೆ, ಜೂಜಿಗೆ 7995. ಸ್ವಿಚ್ ಹಾಕಿದರೆ ಆ ಸಂಖ್ಯೆಯ ಪಾವತಿ ಬ್ಯಾಂಕಿನಲ್ಲೇ ಸತ್ತುಹೋಗುತ್ತದೆ. ತೆಗೆಯಬೇಕೆಂದರೂ ಕೂಡಲೇ ಆಗಲ್ಲ, ಬ್ಯಾಂಕಿಗೆ ತಕ್ಕಂತೆ ಎರಡು ದಿನ, ಮೂರು ದಿನ ಕಾಯಿಸುತ್ತಾರೆ. ನವೆಂಬರಿನಲ್ಲೇ ಅದನ್ನು ಹಾಕಿ ಮರೆತಿದ್ದೆ. ಮೇ ರಾತ್ರಿ 50 ಪೌಂಡ್ ಹಾಕಲು ಹೋದಾಗ "ಪಾವತಿ ನಿರಾಕರಿಸಲಾಗಿದೆ" ಅಂತ ಬಂತು. ಫೋನ್ ಮಗುಚಿಟ್ಟು ಮಲಗಿದೆ. ಬೆಳಗ್ಗೆ ಎದ್ದು ಮಾಡಿದ ಮೊದಲ ಕೆಲಸ ಗ್ಯಾಮ್‌ಸ್ಟಾಪ್‌ನಲ್ಲಿ ಹೊಸ ವಿವರ ಸೇರಿಸಿದ್ದು. ಅದಕ್ಕೇ ಹೇಳುವುದು, ಎರಡನ್ನೂ ಒಂದೇ ದಿನ ಮಾಡಿ. ಒಂದೇ ಮಾಡಿದರೆ ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ಫೋನಿನಲ್ಲೇ ಬೆಟ್ಟಿಂಗ್ ಸೈಟು ತೆರೆಯದ ಹಾಗೆ ಮಾಡುವ ಗ್ಯಾಮ್‌ಬ್ಯಾನ್ ಅನ್ನುವ ಸಾಫ್ಟ್‌ವೇರೂ ಇದೆ. ಜೂಜಿನಿಂದ ತೊಂದರೆಯಾದವರಿಗೆ ನೆರವಾಗುವ ಗ್ಯಾಮ್‌ಕೇರ್ ಸಂಸ್ಥೆಯ ಮೂಲಕ ಕೇಳಿದರೆ ಅದು ಉಚಿತ.

ಇನ್ನೆರಡು ತೂತು. ಗ್ಯಾಮ್‌ಸ್ಟಾಪ್ ಆನ್‌ಲೈನಿಗೆ ಮಾತ್ರ. ಬೀದಿಯ ಬೆಟ್ಟಿಂಗ್ ಅಂಗಡಿಗಳಿಗೆ ಬೇರೆ ಯೋಜನೆ ಇದೆ, ಅದಕ್ಕೆ ಬೇರೆ ಫೋನ್ ಮಾಡಬೇಕು, ಕ್ಯಾಸಿನೊಗಳಿಗೆ ಇನ್ನೊಂದು. ಮೂರನ್ನೂ ಒಂದೇ ಫಾರ್ಮಿನಲ್ಲಿ ಯಾಕೆ ಸೇರಿಸಬಾರದು ಅಂತ ನನಗೆ ಇವತ್ತಿಗೂ ಬೇಸರವಿದೆ. ದುಡ್ಡು ಕಳೆದುಕೊಂಡ ಮನುಷ್ಯನಿಗೆ ಒಂದು ಫಾರ್ಮ್ ತುಂಬುವಷ್ಟು ಶಕ್ತಿ ಬರುವುದೇ ದೊಡ್ಡದು. ಎರಡನೆಯದು, ಲೈಸೆನ್ಸ್ ಇಲ್ಲದ ವಿದೇಶಿ ಸೈಟುಗಳಿಗೆ ಈ ಬೀಗ ಲೆಕ್ಕಕ್ಕೇ ಇಲ್ಲ. ಗ್ಯಾಮ್‌ಸ್ಟಾಪ್‌ನಲ್ಲಿ ಇರುವವರನ್ನೇ ಗುರಿ ಮಾಡಿ "ನಮ್ಮಲ್ಲಿ ಗ್ಯಾಮ್‌ಸ್ಟಾಪ್ ಇಲ್ಲ" ಅಂತ ಜಾಹೀರಾತು ಕೊಡುವ ಸೈಟುಗಳಿವೆ. ಕುಡಿತ ಬಿಟ್ಟವನ ಮನೆ ಮುಂದೆ ಬಂದು ಬಾಟಲಿ ತೋರಿಸುವ ಕೆಲಸ ಅದು. ಅಲ್ಲಿ ದುಡ್ಡು ಹೋದರೆ ಕೇಳಲು ಕಮಿಷನ್ನೂ ಇಲ್ಲ, ಪಂಚಾಯಿತಿಯೂ ಇಲ್ಲ.

ಜಾಹೀರಾತು ಅಂದಾಗ ನೆನಪಾಯಿತು. ಬೀಗ ಹಾಕಿಕೊಂಡರೂ ಟಿವಿಗೆ ಬೀಗ ಇಲ್ಲ. ರಾತ್ರಿ ಒಂಬತ್ತಕ್ಕೆ ಮೊದಲು ಪಂದ್ಯ ನಡೆಯುವಾಗ ಬೆಟ್ಟಿಂಗ್ ಜಾಹೀರಾತು ಹಾಕುವುದಿಲ್ಲ ಅಂತ 2019ರಲ್ಲಿ ಕಂಪನಿಗಳೇ ಒಪ್ಪಿಕೊಂಡವು. ಆದರೆ ಆಟಗಾರರ ಎದೆ ಮೇಲೆ, ಮೈದಾನದ ಸುತ್ತ ಅದೇ ಹೆಸರುಗಳು. ಪ್ರೀಮಿಯರ್ ಲೀಗ್ ಕ್ಲಬ್ಬುಗಳು 2023ರಲ್ಲಿ ಒಂದು ನಿರ್ಧಾರ ಮಾಡಿವೆ, 2025-26ರ ಸೀಸನ್ ಮುಗಿದ ಮೇಲೆ ಅಂಗಿಯ ಮುಂಭಾಗದಲ್ಲಿ ಬೆಟ್ಟಿಂಗ್ ಕಂಪನಿ ಹೆಸರು ಇರುವುದಿಲ್ಲ. ತೋಳಿನ ಮೇಲೆ ಇರಬಹುದು. ಎದೆಯಿಂದ ತೋಳಿಗೆ ಹೋದರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನನಗೆ ಗ್ಯಾಮ್‌ಸ್ಟಾಪ್ ಬಗ್ಗೆ ಗೌರವ ಹುಟ್ಟಿಸಿದ ಸಂಗತಿ. ನನ್ನ ಒಂದು ವರ್ಷ ಮುಗಿದದ್ದು 2023ರ ನವೆಂಬರ್ 10ಕ್ಕೆ. ಆಗ ಏನು ನಡೆಯುತ್ತಿತ್ತು ನೆನಪಿದೆಯಾ? ನಮ್ಮ ದೇಶದಲ್ಲೇ ವಿಶ್ವಕಪ್. ಭಾರತ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಎರಡು ದಿನ ಬಿಟ್ಟು ಚಿನ್ನಸ್ವಾಮಿಯಲ್ಲಿ ನೆದರ್ಲೆಂಡ್ಸ್ ಮೇಲೆ ನಮ್ಮ ರಾಹುಲ್ 102 ಹೊಡೆದ. ಬೀಗದ ಅವಧಿ ಇದಕ್ಕಿಂತ ಕೆಟ್ಟ ಹೊತ್ತಿನಲ್ಲಿ ಮುಗಿಯಲು ಸಾಧ್ಯವೇ ಇರಲಿಲ್ಲ. ಆದರೆ ಅವಧಿ ಮುಗಿದರೂ ಬೀಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ನಾವೇ ಫೋನ್ ಮಾಡಿ, ತೆಗೆಯಿರಿ ಅಂತ ಕೇಳಬೇಕು. ಕೇಳಿದ ಮೇಲೂ 24 ಗಂಟೆ ಕಾಯಬೇಕು. ಕೇಳದಿದ್ದರೆ ಇನ್ನೂ ಏಳು ವರ್ಷ ಹಾಗೇ ಇರುತ್ತದೆ. ಇದನ್ನು ಯೋಚಿಸಿ ಮಾಡಿದವರು ಯಾರೋ ನಮ್ಮಂಥವರನ್ನು ಹತ್ತಿರದಿಂದ ನೋಡಿದ್ದಾರೆ. ಹೆಬ್ಬೆರಳಿಗೆ ಕೆಲಸ ಕೊಟ್ಟಿದ್ದರೆ ನಾನು ಖಂಡಿತ ಸೋಲುತ್ತಿದ್ದೆ. ಬಾಯಿಗೆ ಕೆಲಸ ಕೊಟ್ಟರು. ಒಬ್ಬ ಮನುಷ್ಯನಿಗೆ ಫೋನ್ ಮಾಡಿ "ನನಗೆ ಮತ್ತೆ ಆಡಬೇಕು" ಅಂತ ಜೋರಾಗಿ ಹೇಳಬೇಕು. ಸೆಮಿಫೈನಲ್ ದಿನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಇಟ್ಟೆ. 19ನೇ ತಾರೀಖಿನ ಫೈನಲ್ ಅನ್ನು ಏಳೆಂಟು ಜನ ಕನ್ನಡದವರು ಒಂದೇ ಮನೆಯಲ್ಲಿ ಸೇರಿ ನೋಡಿದೆವು. ನಾವು 240ಕ್ಕೆ ಆಲೌಟ್, ಟ್ರಾವಿಸ್ ಹೆಡ್ 137. ಎಲ್ಲರ ಜೊತೆ ನನಗೂ ಹೊಟ್ಟೆ ಉರಿಯಿತು. ಆದರೆ ಆಟ ಸೋತದ್ದಕ್ಕೆ ಮಾತ್ರ ಉರಿದದ್ದು. ಎಷ್ಟೋ ವರ್ಷದ ಮೇಲೆ ಒಂದು ಪಂದ್ಯವನ್ನು ಬರೀ ಪಂದ್ಯವಾಗಿ ನೋಡಿದ್ದೆ. ಮನೆಗೆ ಬರುವ ದಾರಿಯಲ್ಲಿ ಅದು ಹೊಳೆದು ಕಣ್ಣು ತುಂಬಿತು.

ಹೊಸದಾಗಿ ಬಂದವರಿಗೆ ಇನ್ನೊಂದೆರಡು ಮಾತು, ಇದು ಕಾನೂನಿನ ಕಡೆಯದು. ಊರಿನ ಗೆಳೆಯರು ಫೋನ್ ಮಾಡಿ "ನೀನು ಯುಕೆಯಲ್ಲಿದ್ದೀಯ, ನಿನ್ನ ಹೆಸರಲ್ಲಿ ಅಕೌಂಟ್ ತೆಗೆ, ನಾನು ದುಡ್ಡು ಕಳಿಸ್ತೀನಿ" ಅನ್ನುತ್ತಾರೆ. ಭಾರತದಲ್ಲಿ 2025ರ ಆಗಸ್ಟಿನಲ್ಲಿ ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕಾನೂನಿಗೆ ಸಂಸತ್ತು ಒಪ್ಪಿಗೆ ಕೊಟ್ಟ ಮೇಲೆ ಇಂಥ ಕರೆ ಜಾಸ್ತಿಯಾಗಿವೆ. ಡ್ರೀಮ್11 ದುಡ್ಡಿನ ಆಟ ನಿಲ್ಲಿಸಿತು, ಭಾರತ ತಂಡದ ಅಂಗಿಯಿಂದಲೂ ಹೋಯಿತು. ಆಡಲು ಜಾಗ ಹುಡುಕುವವರು ಈಗ ನಮ್ಮ ಕಡೆ ನೋಡುತ್ತಿದ್ದಾರೆ. ಒಪ್ಪಬೇಡಿ. ಇಲ್ಲಿನ ಖಾತೆ ನಮ್ಮ ಸ್ವಂತ ದುಡ್ಡಿಗೆ, ನಮ್ಮ ಸ್ವಂತ ಆಟಕ್ಕೆ ಮಾತ್ರ. ಬೇರೆಯವರ ದುಡ್ಡು ಆಡಿಸಿದರೆ ಅಕ್ರಮ ಹಣದ ಅನುಮಾನ ನಮ್ಮ ಹೆಸರಿಗೇ ಅಂಟುತ್ತದೆ. ಅತ್ತ ಭಾರತದ ವಿದೇಶಿ ವಿನಿಮಯ ನಿಯಮದಲ್ಲಿ ಲಾಟರಿ ಚೀಟಿಗೆ, ಫುಟ್‌ಬಾಲ್ ಪೂಲ್‌ಗೆ, ಅಂಥದ್ದಕ್ಕೆಲ್ಲ ಹೊರದೇಶಕ್ಕೆ ದುಡ್ಡು ಕಳಿಸುವುದೇ ನಿಷಿದ್ಧ. ಫುಟ್‌ಬಾಲ್ ಪೂಲ್ ಅನ್ನುವುದು ಪಂದ್ಯಗಳ ಫಲಿತಾಂಶ ಊಹಿಸಿ ದುಡ್ಡು ಕಟ್ಟುವ ಈ ದೇಶದ ಹಳೇ ಜೂಜು, ಅದರ ಹೆಸರೇ ನಮ್ಮ ನಿಯಮದಲ್ಲಿ ಅಚ್ಚಾಗಿದೆ.

ಮನೆ ಕೊಳ್ಳುವ ಯೋಚನೆ ಇದ್ದರೆ ಇದನ್ನೂ ಕೇಳಿ. ನಾನು ಗೃಹಸಾಲಕ್ಕೆ ಹೋದಾಗ ಬ್ರೋಕರ್ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ. ನನ್ನ ಮುಂದೆಯೇ ಸ್ಕ್ರೀನ್ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಕೆಳಗೆ ಹೋದ. ಬೆಟ್ಟಿಂಗ್ ಹೆಸರು ಇದೆಯಾ ನೋಡ್ತೀನಿ, ಸಾಲ ಕೊಡೋರು ಅದನ್ನೇ ಮೊದಲು ನೋಡ್ತಾರೆ ಅಂದ. ಅಷ್ಟು ಹೊತ್ತಿಗೆ ನನ್ನ ಸ್ಟೇಟ್‌ಮೆಂಟಿನಲ್ಲಿ ಇದ್ದದ್ದು ದಿನಸಿ, ಬಸ್ ಪಾಸ್, ಊರಿಗೆ ಕಳಿಸಿದ ದುಡ್ಡು. ಕಾನೂನಿಗೆ ಒಪ್ಪುವ ಆಟವೇ ಆದರೂ ಸಾಲ ಕೊಡುವವನಿಗೆ ಒಪ್ಪಬೇಕೆಂದಿಲ್ಲ.

ಹಾಗಾದರೆ ಬೆಟ್ಟೇ ಕಟ್ಟಬಾರದಾ ಅಂತ ದೀಪಾವಳಿ ಊಟದ ಆ ಹುಡುಗ ಕೇಳಿದ. ವರ್ಷಕ್ಕೊಮ್ಮೆ ಕುದುರೆ ಓಟಕ್ಕೆ ಐದು ಪೌಂಡ್ ಕಟ್ಟಿ ಮರೆತುಬಿಡುವ ಜನ ನನ್ನ ಆಫೀಸಿನಲ್ಲೇ ತುಂಬ ಇದ್ದಾರೆ, ಅವರಿಗೆ ಏನೂ ಆಗಿಲ್ಲ. ಕಟ್ಟುವುದಾದರೆ ಖಾತೆ ತೆರೆಯುವಾಗಲೇ ಮಿತಿ ಹಾಕಿಕೊಳ್ಳಿ. 2025ರ ಅಕ್ಟೋಬರ್ ಕೊನೆಯಿಂದ ಮೊದಲ ದುಡ್ಡು ಹಾಕುವ ಮುಂಚೆಯೇ ಮಿತಿ ಹಾಕ್ತೀರಾ ಅಂತ ಆ್ಯಪ್ ಕೇಳಲೇಬೇಕು. ಆ ಪ್ರಶ್ನೆ ಬಂದಾಗ ಸುಮ್ನೆ ಮುಂದೆ ಹೋಗಬೇಡಿ, ಒಂದು ಸಂಖ್ಯೆ ಹಾಕಿ. ನಡೆಯುತ್ತಿರುವ ಪಂದ್ಯಕ್ಕೆ ಓವರ್ ಓವರಿಗೆ ಕಟ್ಟುವ ಆಟದ ಹತ್ತಿರ ಮಾತ್ರ ಹೋಗಲೇಬೇಡಿ. ಮತ್ತು ಯಾವತ್ತಾದರೂ ಅಮ್ಮ ಫೋನ್ ಮಾಡಿದಾಗ ಅರ್ಧ ಸತ್ಯ ಹೇಳಿದ್ದು ನೆನಪಾದರೆ, ಅವತ್ತೇ ರಾತ್ರಿ ಫಾರ್ಮ್ ತುಂಬಿ, ನಾಳೆ ಅನ್ನಬೇಡಿ.

ಗ್ಯಾಮ್‌ಸ್ಟಾಪ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು, ಅಂಗಡಿಗಳನ್ನು ಸೇರಿಸದೆ ಇರುವುದಕ್ಕೆ ಮತ್ತು ವಿವರ ಬದಲಾದರೆ ತಪ್ಪಿಸಿಕೊಳ್ಳಲು ಬಿಡುವುದಕ್ಕೆ. ಮಾತಾಡಲು ಯಾರಾದರೂ ಬೇಕಿದ್ದರೆ ಗ್ಯಾಮ್‌ಕೇರ್ ನಡೆಸುವ ರಾಷ್ಟ್ರೀಯ ಸಹಾಯವಾಣಿ ಇದೆ, 0808 8020 133, ದಿನದ 24 ಗಂಟೆ, ಕರೆ ಉಚಿತ. ನಾನು ಎರಡು ಸಲ ಮಾಡಿದ್ದೇನೆ, ಒಂದು ಸಲ ರಾತ್ರಿ ಎರಡೂವರೆಗೆ. ಆ ಕಡೆಯಿದ್ದ ಹೆಂಗಸು ನನಗೆ ಬುದ್ಧಿ ಹೇಳಲಿಲ್ಲ. ಎಷ್ಟು ಹೋಯಿತು ಅಂತಲೂ ಮೊದಲು ಕೇಳಲಿಲ್ಲ. ಊಟ ಮಾಡಿದೀರಾ ಅಂತ ಕೇಳಿದಳು.